ರಟ್ಟಿನ ಮುಚ್ಚಳದಲ್ಲಿ ಬರೆದ ಗುಡ್ಡೆ

ಶಾಲೆ ಶುರುವಾಗುವ ಮೊದಲಿನ ವಾರ ನಮ್ಮ ಚಪ್ಪಲಿ ಅಂಗಡಿಯಲ್ಲಿ ಅಟ್ಟ ಇಳಿಸುವ ಕೆಲಸ ಇರುತ್ತದೆ. ಮಕ್ಕಳ ಕಪ್ಪು ಶೂಗಳಿಗೆ ಜಾಗ ಆಗಬೇಕು. ವರ್ಷವಿಡೀ ಹೋಗದೆ ಉಳಿದ ಮಾಲನ್ನು ಕೆಳಗೆ ತಂದು, ಧೂಳು ಒರೆಸಿ, ಹೆಚ್ಚಿನದನ್ನು ಪುನಃ ಮೇಲೆಯೇ ಇಡುವುದು. ಈ ಸಲ ಒಂಬತ್ತನೇ ನಂಬರಿನ ಒಂದು ಪೆಟ್ಟಿಗೆ ಎಳೆದಾಗ ಅದರ ಹಿಂದೆ ಸಿಕ್ಕಿಕೊಂಡಿದ್ದ ಒಂದು ಬಿಡಿ ಮುಚ್ಚಳ ನನ್ನ ತಲೆಯ ಮೇಲೆ ಬಿತ್ತು. ಹಳೆಯ ರಬ್ಬರು, ಅಂಟು, ಜಿರಳೆ ಎಲ್ಲ ಸೇರಿದ ವಾಸನೆ. ಒಳಮೈ ತಿರುಗಿಸಿ ನೋಡಿದರೆ ನನ್ನದೇ ಅಕ್ಷರ. 'ಬೆಳಿಗ್ಗೆ 6.10 ಮನೆ ಬಿಡುವುದು. 7.45 ಪಾಲೆಪ್ಪಾಡಿ, ಕಾರು ಲೀಲಕ್ಕನ ಅಂಗಳದಲ್ಲಿ. 12.00 ಹೊರೆಕಲ್ಲು, ಕೀ ಬದಲು. 2.30 ಕೊಲ್ಲಮೊಗ್ರು.' ಅದರ ಕೆಳಗೆ ಇನ್ನೊಂದು ಸಾಲು ಇತ್ತು. ಅದನ್ನು ಓದದೆಯೇ ಮುಚ್ಚಳವನ್ನು ಮೇಜಿನ ಕೆಳಗೆ ತಳ್ಳಿದೆ. ಓದುವ ಅಗತ್ಯ ಇರಲಿಲ್ಲ, ಬಾಯಿಪಾಠ ಉಂಟು.

ಅದು ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಕಳೆದಲ್ಲಿಂದ ಫೆಬ್ರವರಿ ಕೊನೆಯವರೆಗಿನ ನಾಲ್ಕು ತಿಂಗಳು.

ನನ್ನ ಹೆಂಡತಿ ನಸೀಮಾ ಹುಟ್ಟಿದ್ದು ಕಡಬದಿಂದಲೂ ಒಳಗೆ, ಮುಳಿಗುಡ್ಡೆಯ ಬುಡದ ಪಾಲೆಪ್ಪಾಡಿ ಎಂಬಲ್ಲಿ. ಅವಳ ತಂದೆ ಒಣಮೀನಿನ ವ್ಯಾಪಾರಿ. ವಾರಕ್ಕೊಮ್ಮೆ ಒಣಮೀನು, ಹೊಗೆಸೊಪ್ಪು, ಸೂಜಿ ನೂಲು ಎಲ್ಲ ತುಂಬಿದ ಬುಟ್ಟಿಯನ್ನು ತಲೆಯಲ್ಲಿ ಹೊತ್ತು ಗುಡ್ಡೆ ಹತ್ತಿ, ಆಚೆ ಕೊಲ್ಲಮೊಗ್ರಿನ ಬದಿಗೆ ಇಳಿಯುತ್ತಿದ್ದರು. ಮಾಲು ಮುಗಿಸಿ ಬರುವಾಗ ಲಾರಿಯೋ ಬಸ್ಸೋ ಹಿಡಿದು ರಸ್ತೆಯಲ್ಲಿ ಸುತ್ತಿಕೊಂಡು ಬರುವುದು. ಹಾಗಾಗಿ ಆ ಗುಡ್ಡೆ ಅವರಿಗೆ ಯಾವಾಗಲೂ ಹೋಗುವ ದಾರಿ, ಬರುವ ದಾರಿ ಅಲ್ಲ. ಗುಡ್ಡೆ ಇಳಿದ ಕೂಡಲೆ ಸಿಗುವ ಮೊದಲ ಮನೆ ಒಬ್ಬ ಗೌಡರದು. ಆ ಮನೆಯ ಹೆಂಗಸರು, ಇಳಿದು ಬಂದವನು ಯಾವ ಜಾತಿಯವನೇ ಆಗಲಿ, ಅಂಗಳದ ಬದಿಯ ಕಟ್ಟೆಯಲ್ಲಿ ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ ಇಟ್ಟ ಮೇಲೆಯೇ ಮಾತಿಗೆ ನಿಲ್ಲುತ್ತಿದ್ದರಂತೆ. ನಸೀಮಾಳ ಬಾಪ ಅದರಲ್ಲಿ ಅರ್ಧ ತಿಂದು, ಅರ್ಧ ಮುಂಡಿನ ಸೆರಗಿನಲ್ಲಿ ಕಟ್ಟಿ ಮಗಳಿಗೆ ತರುತ್ತಿದ್ದರು. ಒಣಮೀನಿನ ವಾಸನೆ ಹತ್ತಿದ ಬೆಲ್ಲ. ಇನ್ನೂ ಬೇಕು ಎಂದು ಇವಳು ಹಟ ಮಾಡಿದರೆ, "ದೊಡ್ಡವಳಾಗಿ ನೀನೇ ಬಾ. ಅದು ನಡೆದು ಬಂದವರಿಗೆ ಕೊಡುದು" ಎನ್ನುತ್ತಿದ್ದರಂತೆ. ಇವಳು ದೊಡ್ಡವಳಾಗುವಾಗ ಬಾಪ ವ್ಯಾಪಾರ ಬಿಟ್ಟಿದ್ದರು, ಆಮೇಲೆ ತೀರಿಕೊಂಡರು. ನನ್ನನ್ನು ಮದುವೆಯಾಗಿ ಪುತ್ತೂರಿಗೆ ಬಂದವಳು ಆ ಬೆಲ್ಲದ ಕತೆಯನ್ನು ನನಗೆ ಎಷ್ಟು ಸಲ ಹೇಳಿದ್ದಾಳೆ ಎಂಬುದಕ್ಕೆ ಲೆಕ್ಕ ಇಲ್ಲ.

ಆ ಗೌಡರ ಮನೆಯ ಮಗನೇ ನಮ್ಮ ಅಂಗಡಿಯ ಹಳೆಯ ಗಿರಾಕಿ ಎಂಬುದು ಗೊತ್ತಾದದ್ದು ಆ ದೀಪಾವಳಿಯ ಮಾರನೆಯ ದಿನ. ಬಾಲಣ್ಣ ಎಂದು ಹೆಸರು. ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟ್ರಾಗಿದ್ದು ನಿವೃತ್ತರಾದವರು. ಪುತ್ತೂರಿಗೆ ಆಸ್ಪತ್ರೆಗೆಂದು ಬಂದಾಗಲೆಲ್ಲ ನಮ್ಮಲ್ಲಿ ಬಿಳಿ ಕ್ಯಾನ್ವಾಸು ಶೂ ತೆಗೆದುಕೊಂಡು ಹೋಗುವವರು. ಆ ದಿನ ನಸೀಮಾ ನನಗೆ ಊಟದ ಬುತ್ತಿ ತಂದಿದ್ದಳು. ಊರು ಕೇರಿ ಮಾತಾಡುತ್ತ ಮುಳಿಗುಡ್ಡೆಯ ಹೆಸರು ಬಂತು.

"ಹಾಗಾದರೆ ನೀವು ಒಣಮೀನಿನ ಬ್ಯಾರಿಗಳ ಮಗಳಾ?" ಬಾಲಣ್ಣ ಶೂವಿನ ಲೇಸು ಕೈಯಲ್ಲೇ ಹಿಡಿದು ಎದ್ದು ನಿಂತರು. "ಮಾರಾಯ್ತಿ, ಅವರು ಬುಟ್ಟಿ ಇಳಿಸ್ತಿದ್ದದ್ದೇ ನಮ್ಮ ಅಂಗಳದಲ್ಲಿ! ಗುಡ್ಡೆ ದಾಟಿ ಬನ್ನಿ ಒಮ್ಮೆ. ಬರುದಾದರೆ ಬೇಗ ಬನ್ನಿ. ಆನೆ ಬಾರದ ಹಾಗೆ ನಿಮ್ಮ ಪಾಲೆಪ್ಪಾಡಿ ಬದಿಯಲ್ಲಿ ಕಂದಕ ತೆಗೀತಾರಂತೆ, ಮಾರ್ಚಿಗೆ. ಆಮೇಲೆ ಆ ದಾರಿ ಇಲ್ಲ."

ನಸೀಮಾ ನನ್ನ ಮುಖ ನೋಡಿದಳು. "ಬರುವ ಆದಿತ್ಯವಾರ ಹೋಗುವನಾ?"

ಹೋಗಬಹುದಿತ್ತು. ಅಲ್ಲಿಯೇ, ಆ ಆದಿತ್ಯವಾರವೇ. ಈಗ ಹಾಗೆ ಅನಿಸುತ್ತದೆ. ಆದರೆ ನಾನು ಜನರ ಕಾಲಿಗೆ ಶೂ ಹಾಕಿಸುತ್ತ ಮೂವತ್ತು ವರ್ಷ ಕಳೆದವನು, ನನ್ನ ಕಾಲು ಮಾತ್ರ ಅಂಗಡಿಯಿಂದ ಮಸೀದಿ, ಮಸೀದಿಯಿಂದ ಮನೆ, ಅಷ್ಟೇ ಕಂಡದ್ದು. ಗುಡ್ಡೆ ಎಂದರೆ ಸುಮ್ಮನೆ ಹತ್ತಿಬಿಡುವುದಾ? ಅದೂ ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಗೆ ಇಳಿಯುವುದು. ಹತ್ತಿದಲ್ಲಿಗೇ ಇಳಿಯುವುದಾದರೆ ಕಾರು ಅಲ್ಲೇ ಇರುತ್ತದೆ. ಆಚೆ ಇಳಿದರೆ ಕಾರು ಈಚೆ. ರಸ್ತೆಯಲ್ಲಿ ಸುತ್ತಿ ಬರಲು ಒಂದೂವರೆ ಗಂಟೆ ಬೇಕು, ಸಂಜೆಯ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. "ಮೊದಲು ಸರಿಯಾಗಿ ವಿಚಾರಿಸುವ" ಎಂದೆ.

ವಿಚಾರಿಸಿದ್ದೇ ತಪ್ಪಾಯಿತು. ದಾರಿ ಎಷ್ಟು ದೂರ ಎಂದು ಪಾಲೆಪ್ಪಾಡಿಗೆ ಫೋನು ಮಾಡಿ ಕೇಳಿದರೆ ನಸೀಮಾಳ ದೊಡ್ಡಪ್ಪನ ಮಗ "ಇಲ್ಲೇ, ಎರಡು ಗಂಟೆ" ಎಂದ. ಬಾಲಣ್ಣ "ನಾಲ್ಕು ಗಂಟೆ ಇಟ್ಟುಕೊಳ್ಳಿ" ಎಂದರು. ಅವರ ಅಕ್ಕ ಲೀಲಕ್ಕ, ಮದುವೆಯಾಗಿ ಪಾಲೆಪ್ಪಾಡಿಗೆ ಬಂದವರು, "ನಾನು ತಲೆಯಲ್ಲಿ ಸೌತೆಕಾಯಿ ಹೊತ್ತು ಬಂದದ್ದು ಮಾರಾಯ್ರೆ, ಗಂಟೆ ಯಾರು ನೋಡಿದ್ದು?" ಎಂದು ನಕ್ಕರು. ಒಬ್ಬರ ಮಾತು ಇನ್ನೊಬ್ಬರದಕ್ಕೆ ಕೂಡುತ್ತಿರಲಿಲ್ಲ. ನಾನು ಖಾಲಿ ಪೆಟ್ಟಿಗೆಯ ಮುಚ್ಚಳದಲ್ಲಿ ಎಲ್ಲವನ್ನೂ ಬರೆದು, ಹೊಡೆದು, ಇನ್ನೊಂದು ಮುಚ್ಚಳದಲ್ಲಿ ಪುನಃ ಬರೆಯುತ್ತಿದ್ದೆ.

ನವೆಂಬರ್ ಇಡೀ ಮಳೆ ಬಿಡಲಿಲ್ಲ. ಜಿಗಣೆ ಇರುತ್ತದೆ ಎಂದು ಮುಂದೆ ಹಾಕಿದೆ. ಡಿಸೆಂಬರಿನಲ್ಲಿ ಆಕಾಶ ತೊಳೆದ ಹಾಗೆ ಆಯಿತು, ಮುಂಜಾನೆ ಚಳಿ, ಹೋಗಲು ಹೇಳಿ ಮಾಡಿಸಿದ ದಿನಗಳು. ಅಭ್ಯಾಸ ಆಗಲಿಲ್ಲ ಎಂದು ಪುನಃ ಮುಂದೆ ಹಾಕಿದೆ. ಆದಿತ್ಯವಾರ ಬೆಳಿಗ್ಗೆ ಇಬ್ಬರೂ ಪುತ್ತೂರಿನ ಬೀರಮಲೆ ಗುಡ್ಡೆಗೆ ಹತ್ತಿ ಇಳಿಯುವುದೆಂದು ಮಾಡಿದೆವು. ನಸೀಮಾ ಬುರ್ಖಾದ ಕೆಳಗೆ ಹಳೆಯ ರಬ್ಬರು ಚಪ್ಪಲಿ ಹಾಕಿ ನನಗಿಂತ ಮುಂದೆ ಹೋಗಿ, ಮೇಲೆ ಕಲ್ಲಿನಲ್ಲಿ ಕೂತು, ನಾನು ಏದುತ್ತ ಬರುವುದನ್ನು ನೋಡುವಳು.

"ಶೂ ತಪ್ಪಾಯಿತು" ಎಂದೆ ನಾನು.

"ಅಂಗಡಿ ತುಂಬ ಶೂ ಉಂಟು. ನಿಮಗೆ ಸರಿಯಾದದ್ದು ಒಂದು ಸಿಕ್ಕಲಿಲ್ಲವಾ?"

ಮೂರು ಜೊತೆ ಬದಲಿಸಿದೆ. ಕೊನೆಗೆ ಗಟ್ಟಿ ತಳದ ಒಂದು ಜೊತೆ ಆಯ್ದೆ. ಎರಡು ವರ್ಷದಿಂದ ಯಾರೂ ತೆಗೆದುಕೊಳ್ಳದೆ ಬಿದ್ದಿದ್ದ ಜೊತೆ ಅದು. ಯಾಕೆ ತೆಗೆದುಕೊಳ್ಳಲಿಲ್ಲ ಎಂದು ನನಗಾದರೂ ಹೊಳೆಯಬೇಕಿತ್ತು.

ಕಾರಿನ ಸಮಸ್ಯೆಗೆ ಉಪಾಯ ಹೊಳೆದದ್ದು ಜನವರಿಯಲ್ಲಿ. ನಾವು ಪಾಲೆಪ್ಪಾಡಿಯಿಂದ ಹೊರಡುವುದು, ಅದೇ ದಿನ ಬಾಲಣ್ಣ ಅಕ್ಕನನ್ನು ನೋಡುವ ನೆಪದಲ್ಲಿ ಆಚೆಯಿಂದ ಹೊರಡುವುದು. ಗುಡ್ಡೆಯ ನೆತ್ತಿಯಲ್ಲಿ ಹೊರೆಕಲ್ಲು ಉಂಟು. ಆಳೆತ್ತರದ ಚಪ್ಪಟೆ ಬಂಡೆ ಅದು. ತಲೆಹೊರೆಯವರು ಯಾರ ಸಹಾಯವೂ ಇಲ್ಲದೆ ಬುಟ್ಟಿ ಅದರ ಮೇಲೆ ಜಾರಿಸಿ ದಣಿವಾರಿಸುತ್ತಿದ್ದರು. ಅಲ್ಲಿ ಮಧ್ಯಾಹ್ನ ಎರಡು ಕಡೆಯವರೂ ಸೇರಿ ಕೀ ಬದಲಿಸಿಕೊಳ್ಳುವುದು. ನಾನು ಆಚೆ ಇಳಿದು ಅವರ ಓಮ್ನಿ ಬಿಟ್ಟುಕೊಂಡು ಪುತ್ತೂರಿಗೆ ಬರುವುದು, ಅವರು ಈಚೆ ಇಳಿದು ನನ್ನ ಕಾರು ತೆಗೆದುಕೊಂಡು ಹೋಗುವುದು, ಸೋಮವಾರ ಪುತ್ತೂರಿನಲ್ಲಿ ಪುನಃ ಬದಲಿಸಿಕೊಳ್ಳುವುದು. ಈ ಉಪಾಯ ಹೊಳೆದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ. ನಾಲ್ಕು ಮುಚ್ಚಳ ತುಂಬ ಅದನ್ನೇ ಬರೆದೆ. ಬಾಲಣ್ಣನಿಗೆ ವಾರಕ್ಕೆ ಎರಡು ಸಲ ಫೋನು. ಅರಣ್ಯದವರಲ್ಲಿ ಕೇಳಿ ಒಪ್ಪಿಗೆ ತಂದವರೂ ಅವರೇ. ಹಗಲಲ್ಲಿ ಹತ್ತಿ ಹಗಲಲ್ಲೇ ಇಳಿಯಬೇಕು, ಬೆಂಕಿ ಹಾಕಬಾರದು, ಅಷ್ಟೇ.

"ಹಮೀದಾಕ, ನಾವು ಗುಡ್ಡೆ ದಾಟುದಾ, ಹೆಣ್ಣು ನೋಡ್ಲಿಕ್ಕೆ ಹೋಗುದಾ?" ಎಂದು ಅವರು ಒಮ್ಮೆ ರೇಗಿದರು. "ಇಷ್ಟು ಮಾತುಕತೆ ನನ್ನ ಮದುವೆಗೂ ಆಗಿಲ್ಲ."

ನಸೀಮಾ ಮಾತ್ರ ದಿನ ಲೆಕ್ಕ ಹಾಕುತ್ತಿದ್ದಳು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಾರ್ಚಿನ ಪುಟ ಎತ್ತಿ ನೋಡಿ ಬಿಡುತ್ತಿದ್ದಳು. ಒಂದು ದಿನ ಮುಚ್ಚಳಗಳ ಅಟ್ಟಿ ನೋಡಿ, "ಇದನ್ನೆಲ್ಲ ಸಾಲಾಗಿ ಇಟ್ಟರೆ ಇದರ ಮೇಲೆಯೇ ನಡೆದು ಕೊಲ್ಲಮೊಗ್ರು ಮುಟ್ಟಬಹುದು" ಎಂದಳು. ಕೊನೆಯ ಮುಚ್ಚಳವನ್ನು ಅವಳಿಗೆ ಓದಿ ಹೇಳಿದೆ. ಕೊನೆಯ ಸಾಲಿಗೆ ಬಂದಾಗ ತಡೆದಳು.

"ಅದು ಬೇಡ."

"ಯಾಕೆ? ಬರೆದಿಟ್ಟರೆ ಎಂತ ನಷ್ಟ? ಕಾಲು ಉಳುಕಿದರೆ? ಮಳೆ ಬಂದರೆ?"

"ಬೇಡ ಅಂದೆ ಅಷ್ಟೆ" ಎಂದು ಎದ್ದು ಹೋದಳು. ನಾನು ಅಳಿಸಲಿಲ್ಲ. ಬಾಲಣ್ಣನಿಗೂ ಹೇಳಿಟ್ಟೆ.

ಅಂತೂ ಫೆಬ್ರವರಿಯ ಕೊನೆಯ ಆದಿತ್ಯವಾರ ಹೊರಟೆವು. ಚಳಿ ಮುಗಿದು, ಬೆಳಿಗ್ಗೆ ಎಂಟಕ್ಕೇ ಬಿಸಿಲು ಬೆನ್ನಿಗೆ ಹತ್ತುವ ಕಾಲ. ಲೀಲಕ್ಕನ ಅಂಗಳದ ಅರ್ಧದಲ್ಲಿ ಅಡಿಕೆ ಹರಡಿತ್ತು. ಉಳಿದ ಅರ್ಧದಲ್ಲಿ ಕಾರು ನಿಲ್ಲಿಸಿದೆ. ನಾವು ಹೊರಡುವಾಗ ಲೀಲಕ್ಕ ಕೈ ಚಾಚಿ, "ಕೀ ಕೊಟ್ಟು ಹೋಗಿ. ಬಿಸಿಲು ಆಚೆ ತಿರುಗಿದರೆ ಅಡಿಕೆ ಈಚೆ ಎಳೆಯಲಿಕ್ಕೆ ಉಂಟು, ಕಾರು ದೂಡಬೇಕಾಗ್ತದೆ" ಎಂದರು. ಕೊಟ್ಟೆ. ನಮ್ಮ ಕಡೆ ಯಾರ ಅಂಗಳದಲ್ಲಿ ವಾಹನ ನಿಲ್ಲಿಸಿದರೂ ಕೀ ಆ ಮನೆಯವರ ಕೈಯಲ್ಲಿ ಕೊಡುವುದು ಮರ್ಯಾದೆ. ಮದುವೆ ಮನೆಯಾಗಲಿ, ಸಾವಿನ ಮನೆಯಾಗಲಿ, ಕೇಳುವ ಮೊದಲೇ ಕೊಡುತ್ತೇವೆ. ಹನ್ನೆರಡು ಮುಚ್ಚಳ ಬರೆದ ಕೈಯೇ ಆ ಕೀಯನ್ನು ಯೋಚನೆ ಮಾಡದೆ ಕೊಟ್ಟಿತು.

ಹತ್ತುವಾಗ ನಸೀಮಾ ಮುಂದೆ, ನಾನು ಹಿಂದೆ. ಮುಳಿಹುಲ್ಲು ಒಣಗಿ ಎದೆಯೆತ್ತರ ಬೆಳೆದಿತ್ತು. ಗಟ್ಟಿ ತಳದ ಶೂ ಎರಡನೇ ತಿರುವಿನಲ್ಲೇ ಹಿಮ್ಮಡಿ ಕೊರೆಯಲು ಶುರು ಮಾಡಿತು. ಆದರೂ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಹೊರೆಕಲ್ಲು ಮುಟ್ಟಿದೆವು. ಬಾಲಣ್ಣ ಮತ್ತು ಅವರ ನೆರೆಯ ಕುಶಾಲಪ್ಪ ಆಗಲೇ ಬಂದು ಬಂಡೆಯ ನೆರಳಿನಲ್ಲಿ ಕಾಲು ಚಾಚಿ ಕೂತಿದ್ದರು. ನಸೀಮಾ ಅವರ ಹತ್ತಿರ ಹೋಗಲಿಲ್ಲ. ಬಂಡೆಯ ಮೇಲ್ಮೈಗೆ ಕೈ ಇಟ್ಟು ನಿಂತಳು. ಬುಟ್ಟಿ ಜಾರಿಸಿ ಜಾರಿಸಿ ನುಣುಪಾದ ಜಾಗ.

"ಹ್ಞಾಂ, ಕೀ ತೆಗೀರಿ" ಎಂದರು ಬಾಲಣ್ಣ, ನಗುತ್ತ.

ನಾನು ಕಿಸೆಗೆ ಕೈ ಹಾಕಿದೆ. ಆಮೇಲೆ ಇನ್ನೊಂದು ಕಿಸೆಗೆ. ಆಮೇಲೆ ಚೀಲಕ್ಕೆ. "ಲೀಲಕ್ಕನ ಹತ್ತಿರ ಕೊಟ್ಟೆ" ಎಂದೆ. "ನಿಮ್ಮದು ಕೊಡಿ."

ಬಾಲಣ್ಣ ತಲೆ ಕೆರೆದರು. "ನಮ್ಮದು ಮನೆಯ ಮೊಳೆಯಲ್ಲಿ ನೇತಾಡ್ತಾ ಉಂಟು. ಹೆಂಡತಿ ಸುಂದರಿಗೆ ಅಡಿಕೆ ಹರಡಲಿಕ್ಕೆ ಓಮ್ನಿ ಆಚೆ ಇಡ್ಬೇಕಾದರೆ ಅಂತ..." ಎಂದವರು ಮಾತು ಮುಗಿಸಲಾರದೆ ನಗತೊಡಗಿದರು. ಕುಶಾಲಪ್ಪನೂ ಹೊಟ್ಟೆ ಹಿಡಿದುಕೊಂಡರು.

"ಹಾಗಾದರೆ ಎಂತ ತೊಂದರೆ?" ಎಂದಳು ನಸೀಮಾ. "ಕೀ ಕಾರಿನ ಹತ್ತಿರವೇ ಉಂಟಲ್ಲ. ಇವರು ಲೀಲಕ್ಕನ ಹತ್ತಿರ ಕೇಳ್ತಾರೆ, ನಾವು ಸುಂದರಕ್ಕನ ಹತ್ತಿರ ಕೇಳುದು."

ಸರಿಯಾದ ಮಾತು. ಒಂದು ಚೂರೂ ತೊಂದರೆ ಇರಲಿಲ್ಲ. ಆದರೆ ನನ್ನ ತಲೆಯಲ್ಲಿ ಜನವರಿಯಿಂದ ಕೂತಿದ್ದದ್ದು ಹೊರೆಕಲ್ಲಿನಲ್ಲಿ ಕೀ ಬದಲಾಗುವುದು. ಅದು ಆಗದೆ ನಾನು ಹೇಗೆ ಇಳಿಯುವುದು? ಸುಂದರಕ್ಕ ಎಲ್ಲಿಗಾದರೂ ಹೋಗಿದ್ದರೆ? ಮೊಳೆಯಿಂದ ಬೇರೆ ಯಾರಾದರೂ ತೆಗೆದಿದ್ದರೆ? ಫೋನು ಮಾಡಿ ಖಾತ್ರಿ ಮಾಡಿಕೊಳ್ಳುತ್ತೇನೆ ಎಂದೆ. ಸಿಗ್ನಲ್ ಇರಲಿಲ್ಲ. ಪಕ್ಕದ ಬೋಳು ಏರಿಯಲ್ಲಿ ಸಿಗಬಹುದೆಂದು ಕುಶಾಲಪ್ಪ ಬಾಯಿ ತಪ್ಪಿ ಹೇಳಿದರು. ಹತ್ತಿದೆ. ಒಂದು ಗೆರೆ ಬರುವುದು, ಕರೆ ಹೋಗುವ ಮೊದಲೇ ಮಾಯವಾಗುವುದು. ಫೋನು ಎತ್ತಿ ಹಿಡಿದು ಆ ಏರಿಯ ಉದ್ದಕ್ಕೂ ಓಡಾಡಿದೆ. ಕೆಳಗೆ ಬಾಲಣ್ಣ, ಕುಶಾಲಪ್ಪ ಊಟದ ಕಟ್ಟು ಬಿಚ್ಚಿ, ನಸೀಮಾ ಮಾಡಿದ ಪತ್ತಿರ್ ರೊಟ್ಟಿ ತಿಂದು, ನನಗೆ ಎತ್ತಿಟ್ಟು, "ನಾವು ಹೊರಟೆವು ಹಮೀದಾಕ, ಹೊತ್ತಾಗ್ತದೆ" ಎಂದು ಕೂಗಿ ಪಾಲೆಪ್ಪಾಡಿಯ ಬದಿಗೆ ಇಳಿದರು. ನಸೀಮಾ ಶಾಲು ಹಾಸಿ ಮಧ್ಯಾಹ್ನದ ನಮಾಜು ಮಾಡಿದಳು. ಆಮೇಲೆ ಬಂಡೆಗೆ ಒರಗಿ, ಒಮ್ಮೆ ತವರಿನ ಬದಿ, ಒಮ್ಮೆ ಆಚೆ ಬದಿ ನೋಡುತ್ತ ಕೂತಳು. ನಾನು ನೋಡಿದ್ದು ಫೋನಿನ ಗೆರೆ ಮಾತ್ರ. ಸುಂದರಕ್ಕ ಕೊನೆಗೆ ಸಿಕ್ಕಿ, "ಮೊಳೆಯಲ್ಲೇ ಉಂಟು, ಎಂತಕ್ಕೆ?" ಎಂದಾಗ ಒಂದೂಕಾಲು.

ಇಳಿಜಾರಿನಲ್ಲಿ ಹಿಮ್ಮಡಿ ಬಿಟ್ಟು ಬೆರಳುಗಳ ಸರದಿ. ಎರಡು ಬೊಬ್ಬೆ ಒಡೆದವು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ನಸೀಮಾ ಬೈಯಲಿಲ್ಲ. ಮುಂದೆ ಹೋಗಿ, ನಿಂತು, ಕಾದು, ಪುನಃ ಮುಂದೆ ಹೋಗುತ್ತಿದ್ದಳು. ಒಂದು ಕಡೆ ಮಾತ್ರ, "ಶೂ ಬಿಚ್ಚಿ ಬರಿಗಾಲಲ್ಲಿ ಬನ್ನಿ, ಬಾಪನೂ ಬರಿಗಾಲಲ್ಲೇ ಇಳಿದದ್ದು" ಎಂದಳು. ನನಗೆ ಧೈರ್ಯ ಬರಲಿಲ್ಲ.

ಮರಗಳ ಸಂದಿಯಿಂದ ಜೀಪಿನ ದಾರಿ ಕಂಡಿತು. ಅದರ ತುದಿಯಲ್ಲಿ, ನಮ್ಮ ಕಡೆಗೇ ಮುಖ ಮಾಡಿ, ಒಂದು ಜೀಪು. ಬಾಲಣ್ಣನ ಮನೆಯ ಹತ್ತಿರದ ದೇವಪ್ಪ ಬಾನೆಟ್ಟಿಗೆ ಒರಗಿ ನಿಂತಿದ್ದ.

"ಬನ್ನಿ ಬನ್ನಿ. ಮೂರು ಗಂಟೆ ಆಯ್ತು, ಜನ ಕಾಣುದಿಲ್ಲ. ಮೂರಕ್ಕೆ ಬಾರದಿದ್ದರೆ ಜೀಪು ಕಳಿಸಬೇಕು ಅಂತ ನೀವೇ ಹೇಳಿದ್ದಂತಲ್ಲ. ಮಾಸ್ಟ್ರು ನನ್ನ ಹತ್ತಿರ ಎರಡೆರಡು ಸಲ ಹೇಳಿ ಹೋಗಿದ್ದಾರೆ."

"ಇನ್ನು ಎಷ್ಟು ಉಂಟು ಮನೆಗೆ?" ಎಂದಳು ನಸೀಮಾ.

"ಎರಡು ಮೈಲಿ. ಇಳಿಜಾರೇ."

"ನಾನು ನಡೀತೇನೆ. ಇವರನ್ನು ಕರ್ಕೊಂಡು ಹೋಗಿ."

"ಅಯ್ಯೋ ನಸೀಮಕ್ಕ! ನಿಮ್ಮನ್ನು ಒಬ್ಬರನ್ನೇ ಕಾಡಲ್ಲಿ ನಡೆಸಿ ನಾನು ಜೀಪು ಬಿಟ್ಟುಕೊಂಡು ಹೋದರೆ ಮಾಸ್ಟ್ರು ನನ್ನನ್ನು ಊರಲ್ಲಿ ಇರ್ಲಿಕ್ಕೆ ಬಿಡ್ತಾರಾ? ಮೊನ್ನೆ ಆನೆ ಬಂದದ್ದೂ ಇಲ್ಲೇ."

ಅವಳು ನನ್ನ ಕಡೆ ತಿರುಗಿದಳು. ನಾನು ಆಗಲೇ ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಯಾವಾಗ ಹತ್ತಿದೆನೋ ಗೊತ್ತಿಲ್ಲ. ಒಂದು ಶೂ ಬಿಚ್ಚಿಯೂ ಆಗಿತ್ತು.

"ಹತ್ತು ಮಾರಾಯ್ತಿ" ಎಂದೆ. "ಇಷ್ಟು ನಡೆದದ್ದು ಸಾಲದಾ? ಎರಡು ಮೈಲಿಯಲ್ಲಿ ಎಂತ ಉಂಟು?"

ಎಂತ ಉಂಟು ಎಂದು ನನಗೆ ಗೊತ್ತಿತ್ತು. ಇಪ್ಪತ್ತೇಳು ವರ್ಷ ಕೇಳಿದ ಕತೆ. ಕಾಲಿನ ಉರಿಯಲ್ಲಿ ಅದು ಆ ಗಳಿಗೆ ನೆನಪಿಗೆ ಬರಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ, ನಾನೂ ನಂಬುವುದಿಲ್ಲ. ಅವಳು ಸ್ವಲ್ಪ ಹೊತ್ತು ದಾರಿ ನೋಡಿದಳು. ಆಮೇಲೆ ಬುರ್ಖಾದ ಅಂಚಿಗೆ ಹತ್ತಿದ ಮುಳಿಯನ್ನು ಒಂದೊಂದಾಗಿ ಕಿತ್ತು, ಬಂದು ಕೂತಳು.

ಎರಡು ಮೈಲಿ ಹತ್ತು ನಿಮಿಷದಲ್ಲಿ ಮುಗಿಯಿತು. ಅಂಗಳಕ್ಕೆ ಜೀಪು ತಿರುಗುವಾಗ ಕಂಡಿತು, ಬದಿಯ ಕಟ್ಟೆಯಲ್ಲಿ ಹಿತ್ತಾಳೆಯ ಚೆಂಬು, ಅದರ ಬಾಯಿಗೆ ಮುಚ್ಚಿದ ತಟ್ಟೆ, ತಟ್ಟೆಯಲ್ಲಿ ಬಾಳೆಲೆಯ ತುಂಡಿನ ಮೇಲೆ ಬೆಲ್ಲ. ಇರುವೆ ಬಾರದ ಹಾಗೆ ಸುತ್ತ ನೀರಿನ ಗೆರೆ ಎಳೆದಿದ್ದರು. ಸುಂದರಕ್ಕ ಸೆರಗಿನಲ್ಲಿ ಕೈ ಒರೆಸುತ್ತ ಬಂದರು. ಜೀಪು ನೋಡಿ ನಕ್ಕರು.

"ಓ, ಜೀಪಲ್ಲಿ ಬಂದ್ರಾ? ಒಳ್ಳೇದಾಯ್ತು. ನಡ್ಕೊಂಡು ಬರ್ತೀರಿ ಅಂತ ನೀರು ಬೆಲ್ಲ ಇಟ್ಟಿದ್ದೆ. ಇನ್ನು ಅದೆಂತಕ್ಕೆ, ಚಾ ಮಾಡ್ತೇನೆ. ಬನ್ನಿ ಒಳಗೆ, ಫ್ಯಾನಿನ ಅಡಿ ಕೂತ್ಕೊಳ್ಳಿ."

ಒಂದು ಕೈಯಲ್ಲಿ ಚೆಂಬು, ಇನ್ನೊಂದರಲ್ಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಪ್ರೀತಿಯಿಂದ ಮಾಡಿದ್ದು. ಅವರನ್ನು ಏನು ಹೇಳುವುದು? ಬಾಯಿ ಬಿಟ್ಟು ಕೇಳಿದ್ದರೆ ಇಡೀ ಅಚ್ಚು ಬೆಲ್ಲ ಕೊಡುತ್ತಿದ್ದರು. ನಾನು ಬಾಯಿ ತೆರೆದೆ. ನಸೀಮಾ ನನ್ನ ಕೈ ಒತ್ತಿ ಬೇಡವೆಂದಳು. ಚಾ ಕುಡಿದೆವು. ಓಮ್ನಿಯ ಕೀ ಮೊಳೆಯಲ್ಲೇ ಇತ್ತು. ಕತ್ತಲಾಗುವ ಮೊದಲು ಪುತ್ತೂರು ಸೇರಿದೆವು. ಮುಚ್ಚಳದಲ್ಲಿ ಬರೆದದ್ದರಲ್ಲಿ ಆ ಕೊನೆಯ ಸಾಲು, ಜೀಪಿನದ್ದು, ಬರೆದ ಹಾಗೆಯೇ ಆಯಿತು.

ಮಾರ್ಚಿನಲ್ಲಿ ಕಂದಕ ಆಯಿತು. ಮರುವರ್ಷ ಪುನಃ ಹೋಗುವ ಎಂದು ನಾನೇ ಹೊರಡಿಸಿದೆ, ಈ ಸಲ ಏನೂ ಬರೆಯಲಿಲ್ಲ. ಲೀಲಕ್ಕನ ಮನೆಯ ಹಿಂದೆ ಕೆಂಪು ಮಣ್ಣಿನ ಆಳವಾದ ಕಂದಕ, ಆಚೆ ನಮ್ಮ ಕಾಲುದಾರಿಯ ಮೊದಲ ತಿರುವು ಕಾಣುತ್ತಿತ್ತು. "ಈಗ ಆಡು ಸಹ ದಾಟುದಿಲ್ಲ" ಎಂದರು ಲೀಲಕ್ಕ. ನಸೀಮಾ ಅಂಚಿನಲ್ಲಿ ಒಂದು ನಿಮಿಷ ನಿಂತು, "ಹೋಗುವ" ಎಂದಳು.

ಆ ವರ್ಷದಿಂದ ಅವಳು ಅಂಗಡಿಗೆ ಬಂದರೆ ಹಿಂದಿರುಗುವಾಗ ನನ್ನ ಸ್ಕೂಟರು ಹತ್ತುವುದಿಲ್ಲ. "ನೀವು ಹೋಗಿ, ನಾನು ನಡ್ಕೊಂಡು ಬರ್ತೇನೆ" ಎನ್ನುತ್ತಾಳೆ. ಮುಕ್ಕಾಲು ಮೈಲಿ, ನಡುವೆ ಒಂದು ಏರು. ಮೊನ್ನೆ ಮುಚ್ಚಳ ಬಿದ್ದ ದಿನವೂ ಹಾಗೆಯೇ ಹೇಳಿದಳು. ನಾನು ಬೇಗ ಮನೆಗೆ ಬಂದೆ. ಒಂದು ಚೆಂಬಿನಲ್ಲಿ ನೀರು ತುಂಬಿಸಿ, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ಇಟ್ಟು, ಜಗಲಿಯ ಕಟ್ಟೆಯಲ್ಲಿರಿಸಿ ಒಳಗೆ ಕೂತೆ.

ಗೇಟಿನ ಸದ್ದಾಯಿತು. ಚಪ್ಪಲಿ ಬಿಡುವ ಸದ್ದು. ಕಿಟಕಿಯಿಂದ ನೋಡಿದೆ. ನೀರು ಕುಡಿದಳು, ಪೂರ್ತಿ. ತಟ್ಟೆಯನ್ನು ಕೈಯಲ್ಲಿ ಹಿಡಿದು ಒಳಗೆ ಬಂದು, ಬೆಲ್ಲದ ತುಂಡನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

"ಚಾ ಇಡ್ತೇನೆ" ಎಂದಳು.